ಗುಮಾಸ್ತ ಯಾರ ಕಡೆಯವನು?

ಗುಮಾಸ್ತ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಒಬ್ಬ ಬಡಪಾಯಿ. ಜೇಬಿನಲ್ಲಿ ಎರಡು ಪೆನ್ನು, ಮೇಜಿನ ಮೇಲೆ ಕಡತದ ರಾಶಿ, ತಿಂಗಳ ಕೊನೆಯಲ್ಲಿ ಕೈಸಾಲ. ಹಳೆಯ ಸಿನಿಮಾಗಳಲ್ಲಿ ನಾಯಕಿಯ ಅಪ್ಪ ಬಡವ, ಆದರೆ ಮರ್ಯಾದಸ್ಥ ಅಂತ ತೋರಿಸಬೇಕಿದ್ದರೆ ಅವನಿಗೊಂದು ಗುಮಾಸ್ತನ ಕೆಲಸ ಕೊಟ್ಟರೆ ಸಾಕಿತ್ತು. "ಅವನೇನು ಬಿಡು, ಗುಮಾಸ್ತ" ಅನ್ನುವಾಗ ಸ್ವಲ್ಪ ಕನಿಕರ ಇರುತ್ತದೆ, ಸ್ವಲ್ಪ ತಾತ್ಸಾರವೂ ಇರುತ್ತದೆ.

1760ರ ದಶಕದ ಬಂಗಾಳದಲ್ಲಿ ಇದೇ ಪದ ಕಿವಿಗೆ ಬಿದ್ದರೆ ನೇಕಾರರು ಮಗ್ಗ ಬಿಟ್ಟು ಊರು ಖಾಲಿ ಮಾಡುತ್ತಿದ್ದರು.

ಒಂದೇ ಪದ ಒಂದು ಕಡೆ ಹೀಗೆ ನಡುಕ ಹುಟ್ಟಿಸಿ ಇನ್ನೊಂದು ಕಡೆ ಹೀಗೆ ಕನಿಕರ ಹುಟ್ಟಿಸುವುದು ಹೇಗೆ ಅಂತ ಬಹಳ ದಿನ ನನ್ನ ತಲೆ ಕೊರೆಯುತ್ತಿತ್ತು. ಪದ ಸವೆದು ಹೀಗಾಯಿತು ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ನನಗೆ ಹಾಗನ್ನಿಸುವುದಿಲ್ಲ. ಎರಡೂ ಅರ್ಥ ಆ ಪದದೊಳಗೆ ಮೊದಲಿನಿಂದಲೇ ಇದ್ದವು.

ಪಾರಸಿಯಲ್ಲಿ "ಗುಮಾಶ್ತನ್" ಅಂದರೆ ನೇಮಿಸುವುದು, ಒಬ್ಬನನ್ನು ಒಂದು ಕೆಲಸಕ್ಕೆ ಹಚ್ಚುವುದು. ಹಾಗೆ ಹಚ್ಚಲ್ಪಟ್ಟವನು "ಗುಮಾಶ್ತಾ". ಅಷ್ಟೇ. ಏನು ಕೆಲಸ ಅಂತ ಪದ ಹೇಳುವುದಿಲ್ಲ. ಬರೆಯುತ್ತಾನಾ, ಲೆಕ್ಕ ಇಡುತ್ತಾನಾ, ಬಟ್ಟೆ ಕೊಳ್ಳುತ್ತಾನಾ, ಬಡಿಯುತ್ತಾನಾ, ಯಾವುದೂ ಅದರಲ್ಲಿಲ್ಲ. ಇವನನ್ನು ಯಾರೋ ಕಳಿಸಿದ್ದಾರೆ ಅನ್ನುವುದು ಮಾತ್ರ ಇದೆ.

ನಮ್ಮ ಕಚೇರಿಗಳ ಉಳಿದ ಹೆಸರುಗಳ ಪಕ್ಕ ಇಟ್ಟು ನೋಡಿದರೆ ಇದರ ವಿಚಿತ್ರ ಗೊತ್ತಾಗುತ್ತದೆ. ಧಾರವಾಡ, ಬೆಳಗಾವಿ ಕಡೆ ಇದೇ ಮನುಷ್ಯನಿಗೆ ಕಾರಕೂನ ಅನ್ನುತ್ತಾರೆ. ಅದೂ ಪಾರಸಿಯೇ, ಮರಾಠಿಯ ದಾರಿಯಲ್ಲಿ ಬಂದದ್ದು. ಕಾರ್ ಅಂದರೆ ಕೆಲಸ, ಕುನ್ ಅಂದರೆ ಮಾಡುವವನು. ಶಿರಸ್ತೇದಾರ ಅಂದರೆ ದಾರದ ತುದಿ ಹಿಡಿದವನು, ಅಂದರೆ ದಾಖಲೆಗಳ ಉಸ್ತುವಾರಿಯವನು. ಪೇದೆ ಅಂದರೆ ಕಾಲ್ನಡಿಗೆಯ ಸಿಪಾಯಿ. ಪೋರ್ಚುಗೀಸರಿಂದ ಬಂದ ಪ್ಯೂನ್ ಕೂಡ ಅದೇ ಕಾಲಾಳು. ಜವಾನ ಅಂದರೆ ಹರೆಯದವನು (ನಿವೃತ್ತಿಗೆ ಆರು ತಿಂಗಳು ಇದ್ದರೂ ಜವಾನನೇ, ಅದು ಬೇರೆ ಮಾತು). ಇವೆಲ್ಲವೂ ಆ ಮನುಷ್ಯನ ಬಗ್ಗೆ ಏನಾದರೂ ಒಂದು ಹೇಳುತ್ತವೆ. ಗುಮಾಸ್ತ ಅನ್ನುವ ಪದ ಮಾತ್ರ ಅವನ ಹಿಂದೆ ನಿಂತವರ ಕಡೆ ಕೈ ತೋರಿಸುತ್ತದೆ.

ಇರಾನಿನಲ್ಲಿ ಈ ಪದದ ಕಥೆ ಇನ್ನೊಂದು ದಿಕ್ಕಿಗೆ ಹೋಯಿತು. ಅಲ್ಲಿ ಸೈನ್ಯದ ಅಧಿಕಾರಿಯ ಮನೆಗೆಲಸಕ್ಕೆ ಹಚ್ಚುತ್ತಿದ್ದ ಸಿಪಾಯಿಗೆ ಗುಮಾಶ್ತೆ ಅನ್ನುತ್ತಿದ್ದರು. ಇನ್ನೊಬ್ಬರ ಆಟಕ್ಕೆ ಕುಣಿಯುವ ಬಾಲಬಡುಕ ಅನ್ನುವ ಬೈಗುಳದ ಅರ್ಥವೂ ಅದಕ್ಕಿದೆ. ಯಾರ ಗುಮಾಶ್ತೆ ಅಂತ ಕೇಳಿದರೆ ಅಲ್ಲಿ ಜಗಳವೇ.

ಒಂದು ಸಣ್ಣ ವಿಷಯ. ನಮ್ಮ ಹಿರಿಯರು ಗಂಡಸಿಗೂ "ಗುಮಾಸ್ತೆ" ಅನ್ನುತ್ತಿದ್ದರು. ಅದೇನು ತಪ್ಪಲ್ಲ. ಪಾರಸಿಯ ಖಜಾನಾ ನಮ್ಮಲ್ಲಿ ಖಜಾನೆ, ಕಾರ್ಖಾನಾ ಕಾರ್ಖಾನೆ, ನಕ್ಶಾ ನಕ್ಷೆ, ಪಿಯಾದಾ ಪೇದೆ ಆಯಿತು. ಗುಮಾಶ್ತಾ ಗುಮಾಸ್ತೆ ಆಗಿದ್ದೂ ಅದೇ ಜಾಡಿನಲ್ಲಿ. ಆಮೇಲೆ ಹೆಂಗಸರು ಈ ಕೆಲಸಕ್ಕೆ ಬಂದಾಗ ಕನ್ನಡದ ಕಿವಿಗೆ ಆ ಎಕಾರ ಹೆಣ್ಣಿನದು ಅನ್ನಿಸಿತು. ಈಗ ಗಂಡಸು ಗುಮಾಸ್ತ, ಹೆಂಗಸು ಗುಮಾಸ್ತೆ. ಹೊಸ ಪದ ಹುಡುಕುವ ತಾಪತ್ರಯವೇ ಬೇಕಾಗಲಿಲ್ಲ.

ಮೊಘಲರ ಕಾಲದಲ್ಲಿ ಗುಮಾಸ್ತ ಅಂದರೆ ವ್ಯಾಪಾರಿಯ ನಂಬಿಕೆಯ ಮನುಷ್ಯ. ಸೂರತ್ತಿನ ಸಾಹುಕಾರ ಬುರ್ಹಾನ್‌ಪುರದಲ್ಲೋ ಆಗ್ರಾದಲ್ಲೋ ಒಂದು ಕೋಠಿ ಇಟ್ಟರೆ ಅಲ್ಲಿ ಕೂರುವವನು ಗುಮಾಸ್ತ. ಕಾಗದ ಹೋಗಿ ಉತ್ತರ ಬರುವುದಕ್ಕೆ ವಾರಗಟ್ಟಲೆ ಬೇಕು. ಅಷ್ಟರಲ್ಲಿ ಹತ್ತಿಯ ಬೆಲೆ ಇಳಿದಿರುತ್ತದೆ, ಇಲ್ಲವೇ ಏರಿರುತ್ತದೆ. ಹಾಗಾಗಿ ಕೊಳ್ಳಬೇಕೋ ಬೇಡವೋ, ಯಾರಿಗೆ ಹುಂಡಿ (ಇಂಥವರಿಗೆ ಇಷ್ಟು ಹಣ ಕೊಡಿ ಅನ್ನುವ ಚೀಟಿ) ಬರೆದುಕೊಡಬೇಕು, ಯಾರ ಹುಂಡಿ ನಂಬಬೇಕು ಅನ್ನುವುದೆಲ್ಲ ಅವನ ತಲೆಯ ಮೇಲೆ. ಅವನು ಒಪ್ಪಿದರೆ ಸಾಹುಕಾರ ಒಪ್ಪಿದಂತೆ. ಈಗಿನ ಲೆಕ್ಕದಲ್ಲಿ ಅವನನ್ನು ಬ್ರಾಂಚ್ ಮ್ಯಾನೇಜರ್ ಅನ್ನಬೇಕು. ಬಡಪಾಯಿಯಂತೂ ಅಲ್ಲ.

ಈಸ್ಟ್ ಇಂಡಿಯಾ ಕಂಪನಿ ಈ ಪದವನ್ನು ಎತ್ತಿಕೊಂಡದ್ದು ಇಲ್ಲಿಂದಲೇ. ಮೊದಲು ಬಂಗಾಳದಲ್ಲಿ ಕಂಪನಿ ಬಟ್ಟೆ ಕೊಳ್ಳುತ್ತಿದ್ದದ್ದು ದಾದನಿ ವ್ಯಾಪಾರಿಗಳ ಮೂಲಕ. ಅವರು ಮುಂಗಡ ಹಣ ಪಡೆದು, ನೇಕಾರರಿಗೆ ಹಂಚಿ, ಮಾಲು ತಂದುಕೊಡುತ್ತಿದ್ದರು. ಅವರು ಸ್ವತಂತ್ರ ವ್ಯಾಪಾರಿಗಳು, ಚೌಕಾಸಿ ಮಾಡುತ್ತಿದ್ದರು. 1753ರಲ್ಲಿ ಕಂಪನಿ ಅವರನ್ನು ಬಿಟ್ಟು ತನ್ನದೇ ಸಂಬಳದ ಗುಮಾಸ್ತರನ್ನು ಇಟ್ಟುಕೊಂಡಿತು. ನಾಲ್ಕೇ ವರ್ಷದಲ್ಲಿ ಪ್ಲಾಸಿ ಕದನ ಆಯಿತು, ಕಂಪನಿ ಗೆದ್ದಿತು. ನಿನ್ನೆಯವರೆಗೆ ಗುಮಾಸ್ತನ ಹಿಂದೆ ಒಬ್ಬ ವ್ಯಾಪಾರಿ ಇದ್ದ, ಈಗ ಅದೇ ಜಾಗದಲ್ಲಿ ಸೈನ್ಯ ಬಂದು ನಿಂತಿತು. ಗುಮಾಸ್ತನ ಸಂಬಳ ಏನೂ ಏರಲಿಲ್ಲ, ಆದರೂ ಅವನು ರಾತ್ರೋರಾತ್ರಿ ಬೇರೆಯೇ ಪ್ರಾಣಿಯಾದ.

ವಿಲಿಯಂ ಬೋಲ್ಟ್ಸ್ ಅಂತ ಒಬ್ಬ ಕಂಪನಿಯ ನೌಕರ ಇದ್ದ. ಮೇಲಿನವರ ಜೊತೆ ಜಗಳ ಮಾಡಿಕೊಂಡ. 1768ರಲ್ಲಿ ಅವನನ್ನು ಬಂಗಾಳದಿಂದ ಹೊರಗೆ ಹಾಕಿದರು. ಆ ಸಿಟ್ಟಿಗೆ 1772ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬರೆದು ಕಂಪನಿಯ ಮಾನ ಹರಾಜು ಹಾಕಿದ. ಅವನೂ ಬಂಗಾಳದಲ್ಲಿ ಚೆನ್ನಾಗಿಯೇ ದುಡ್ಡು ಮಾಡಿಕೊಂಡವನು, ಸಾಧು ಅಂತ ಅಂದುಕೊಳ್ಳಬೇಡಿ. ಆದರೆ ಗುಮಾಸ್ತ ಊರಿಗೆ ಬರುವ ರೀತಿಯನ್ನು ಅವನು ಬರೆದಿರುವುದು ಕಣ್ಣಿಗೆ ಕಟ್ಟುವಂತಿದೆ. ಗುಮಾಸ್ತ ಮಗ್ಗದ ಊರಿಗೆ ಬರುತ್ತಾನೆ. ಒಂದು ಮನೆ ಹಿಡಿಯುತ್ತಾನೆ, ಅದಕ್ಕೆ "ಕಚೇರಿ" ಅಂತ ಹೆಸರಿಡುತ್ತಾನೆ. ಪ್ಯೂನುಗಳನ್ನೂ ಹರಕಾರರನ್ನೂ ಕಳಿಸಿ ದಲಾಲರು, ನೇಕಾರರನ್ನೆಲ್ಲ ಕರೆಸುತ್ತಾನೆ. ಇಷ್ಟು ಬಟ್ಟೆ, ಇಂಥ ದಿನದೊಳಗೆ, ಇಷ್ಟು ಬೆಲೆಗೆ ಅಂತ ಕರಾರಿಗೆ ರುಜು ಹಾಕಿಸಿಕೊಳ್ಳುತ್ತಾನೆ. ಆ ಬೆಲೆ ಪೇಟೆಯ ದರಕ್ಕಿಂತ ನೂರಕ್ಕೆ 15ರಷ್ಟಾದರೂ ಕಡಿಮೆ, ಕೆಲವು ಸಲ 40ರಷ್ಟು ಕಡಿಮೆ ಅಂತ ಬೋಲ್ಟ್ಸ್ ಲೆಕ್ಕ ಕೊಡುತ್ತಾನೆ. ಮುಂಗಡ ಬೇಡ ಅಂದ ನೇಕಾರನ ಸೊಂಟದ ಬಟ್ಟೆಗೆ ಆ ದುಡ್ಡು ಕಟ್ಟಿ, ಚಾಟಿಯಲ್ಲಿ ಬಾರಿಸಿ ಮನೆಗೆ ಕಳಿಸುತ್ತಿದ್ದರಂತೆ.

ಸೊಂಟಕ್ಕೆ ದುಡ್ಡು ಕಟ್ಟಿ ಹೊಡೆಯುವುದು! ಕೊಟ್ಟಿದ್ದೇವೆ, ಅವನು ತೆಗೆದುಕೊಂಡಿದ್ದಾನೆ ಅಂತ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಬೇಕಲ್ಲ, ಅದಕ್ಕೆ. ಇಡೀ ವರ್ಣನೆಯಲ್ಲಿ ನನ್ನ ಮನಸ್ಸಿನಿಂದ ಹೋಗದ ವಿವರ ಇದು.

ಆ ಸಾಲುಗಳಲ್ಲಿ ಬರುವ ಕಚೇರಿ, ಪ್ಯೂನ್, ದಲಾಲ ಎಲ್ಲವೂ ನಮಗೆ ನಿತ್ಯದ ಮಾತು. ಹರಕಾರ ಅಂದರೆ ಓಡಿ ಸುದ್ದಿ ಮುಟ್ಟಿಸುವವನು. ಹರ್ ಅಂದರೆ ಪ್ರತಿಯೊಂದು, ಕಾರ್ ಅಂದರೆ ಕೆಲಸ. ಹೇಳಿದ್ದೆಲ್ಲ ಮಾಡುವ ಆಳು ಅಂತಿಟ್ಟುಕೊಳ್ಳಿ. ಅವನೇ ಕನ್ನಡದಲ್ಲಿ "ಹರಿಕಾರ" ಆಗಿ, ಇವತ್ತು "ಹಸಿರು ಕ್ರಾಂತಿಯ ಹರಿಕಾರ", "ಬದಲಾವಣೆಯ ಹರಿಕಾರ" ಅಂತ ಫ್ಲೆಕ್ಸುಗಳಲ್ಲಿ ಮೆರೆಯುತ್ತಿದ್ದಾನೆ. ಗುಮಾಸ್ತ ಹೇಳಿದಲ್ಲಿಗೆ ಓಡುತ್ತಿದ್ದವನಿಗೆ ಎಂಥ ಬಡ್ತಿ ನೋಡಿ.

ಬೋಲ್ಟ್ಸ್ ಸಿಟ್ಟಿನಲ್ಲಿ ಬರೆದ ಅಂತ ತಳ್ಳಿಹಾಕುವ ಹಾಗಿಲ್ಲ. 1762ರಲ್ಲಿ ಬಂಗಾಳದ ನವಾಬ ಮೀರ್ ಕಾಸಿಂ ಕಂಪನಿಯ ಗವರ್ನರ್ ವಾನ್ಸಿಟಾರ್ಟ್‌ಗೆ ಬರೆದ ದೂರಿನಲ್ಲೂ ಇವರೇ ಇದ್ದಾರೆ. ಹಳ್ಳಿಹಳ್ಳಿಗಳಲ್ಲಿ ನಿಮ್ಮ ಗುಮಾಸ್ತರು ಉಪ್ಪು, ಅಡಿಕೆ, ತುಪ್ಪ, ಅಕ್ಕಿ, ಹುಲ್ಲು, ಬಿದಿರು, ಮೀನು, ಹೊಗೆಸೊಪ್ಪು ಎಲ್ಲದರ ವ್ಯಾಪಾರ ಮಾಡುತ್ತಿದ್ದಾರೆ, ರೈತರ ಮಾಲನ್ನು ಕಾಲು ಭಾಗದ ಬೆಲೆಗೆ ಕಿತ್ತುಕೊಳ್ಳುತ್ತಾರೆ, ಒಂದು ರೂಪಾಯಿಯ ಸಾಮಾನಿಗೆ ಐದು ರೂಪಾಯಿ ವಸೂಲು ಮಾಡುತ್ತಾರೆ ಅಂತ ಅವನ ಗೋಳು. ಕಂಪನಿಯ ದಸ್ತಕ್, ಅಂದರೆ ಸುಂಕ ಮಾಫಿಯ ರಹದಾರಿ ತೋರಿಸಿದರೆ ಸುಂಕವೂ ಇಲ್ಲ. ಊರಿನ ವ್ಯಾಪಾರಿ ಸುಂಕ ಕಟ್ಟಿ ಸಾಯಬೇಕು. ಕೊನೆಗೆ 1763ರಲ್ಲಿ ನವಾಬ ಸಿಟ್ಟಿನಿಂದ ಎಲ್ಲರಿಗೂ ಸುಂಕವನ್ನೇ ರದ್ದು ಮಾಡಿದ. ಎಲ್ಲರಿಗೂ ರದ್ದಾದರೆ ಕಂಪನಿಯವರಿಗೆ ಲಾಭ ಎಲ್ಲಿಂದ? ಯುದ್ಧ ಶುರುವಾಗಿ, 1764ರ ಅಕ್ಟೋಬರಿನಲ್ಲಿ ಬಕ್ಸರಿನಲ್ಲಿ ಮುಗಿಯಿತು. ಆ ಯುದ್ಧಕ್ಕೆ ನೂರು ಕಾರಣ ಕೊಡಬಹುದು, ಅದರಲ್ಲಿ ಒಂದು ಗುಮಾಸ್ತರು.

ಇನ್ನೊಂದು ಸಾಕ್ಷಿ ವಾರನ್ ಹೇಸ್ಟಿಂಗ್ಸ್‌ನದು. ಮುಂದೆ ಗವರ್ನರ್ ಜನರಲ್ ಆದವನು, ಆಗಿನ್ನೂ ಅಷ್ಟು ದೊಡ್ಡ ಮನುಷ್ಯನಾಗಿರಲಿಲ್ಲ. 1762ರಲ್ಲಿ ಗಂಗೆಯ ದಾರಿಯಲ್ಲಿ ಹೋಗುತ್ತಾ ಬರೆದ ಕಾಗದದಲ್ಲಿ, ಎಲ್ಲಿ ನೋಡಿದರೂ ಇಂಗ್ಲಿಷ್ ಬಾವುಟ, ನದಿಯಲ್ಲಿ ಬಾವುಟವಿಲ್ಲದ ದೋಣಿಯೇ ಇಲ್ಲವೇನೋ ಅಂತ ಬೆರಗಾಗುತ್ತಾನೆ. ಸಿಪಾಯಿಗಳ ವೇಷ ಹಾಕಿಕೊಂಡವರು, "ನಾವು ಕಂಪನಿಯ ಗುಮಾಸ್ತರು" ಅಂತ ತಾವೇ ಹೇಳಿಕೊಂಡು ತಿರುಗುವವರು ಬೇಕಾದಷ್ಟು ಜನ ಇದ್ದರು. ಅಂದರೆ ನೇಮಕವೇ ಆಗದ ಗುಮಾಸ್ತರು! ಹಿಂದೆ ಯಾರೋ ಇದ್ದಾರೆ ಅಂತ ಎದುರಿನವನು ನಂಬಿದರೆ ಸಾಕು, ನಿಜವಾಗಿ ಇರಲೇಬೇಕು ಅಂತಿಲ್ಲ. ಇವತ್ತು ಬೈಕಿನ ನಂಬರ್ ಪ್ಲೇಟಿನ ಮೇಲೆ ಯಾವುದೋ ಸಂಘದ ಹೆಸರು ಬರೆಸಿಕೊಂಡು ಟ್ರಾಫಿಕ್ ಪೊಲೀಸರ ಮುಂದೆ ಧೈರ್ಯವಾಗಿ ಹೋಗುವವರನ್ನು ನೋಡಿದಾಗ ನನಗೆ ಹೇಸ್ಟಿಂಗ್ಸನ ಆ ದೋಣಿಗಳು ನೆನಪಾಗುತ್ತವೆ.

ಹಾಗಾದರೆ ನಮ್ಮ ಕಡೆ ಇವನು ಬಡಪಾಯಿ ಆಗಿದ್ದು ಯಾವಾಗ? ಬಹಮನಿಗಳು, ಬಿಜಾಪುರದ ಆದಿಲ್‌ಶಾಹಿಗಳು, ಮರಾಠರು, ಹೈದರ್ ಮತ್ತು ಟಿಪ್ಪು ಇವರೆಲ್ಲರ ಆಡಳಿತದಿಂದ ಪಾರಸಿ ಪದಗಳು ಕಂತು ಕಂತಾಗಿ ಕನ್ನಡಕ್ಕೆ ಬಂದವು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡು 50 ವರ್ಷ ಕಮಿಷನರುಗಳ ಮೂಲಕ ಆಳಿದರು. ಇಂಗ್ಲಿಷಿನವರು ಬಂದರೂ ಅಮಲ್ದಾರ, ಶೇಕದಾರ, ಶಿರಸ್ತೇದಾರ, ಹುಜೂರು ಯಾವುದೂ ಹೋಗಲಿಲ್ಲ. ಬೆಂಗಳೂರಿನಲ್ಲಿ ಇವತ್ತು ಹೈಕೋರ್ಟ್ ಇರುವ ಕೆಂಪು ಕಟ್ಟಡ 1868ರಲ್ಲಿ ಮುಗಿದಾಗ ಅದರ ಹೆಸರು ಅಠಾರಾ ಕಚೇರಿ, 18 ಇಲಾಖೆಗಳ ಕಚೇರಿ. ಅಲ್ಲಿ ಎಲ್ಲಕ್ಕೂ ಒಂದು ರೂಲು, ಎಲ್ಲಕ್ಕೂ ಒಂದು ರಿಜಿಸ್ಟರು. ಕೊಳ್ಳಬೇಕೋ ಬೇಡವೋ ಅಂತ ಸೂರತ್ತಿನ ಗುಮಾಸ್ತ ತಾನೇ ತೀರ್ಮಾನ ಮಾಡುತ್ತಿದ್ದ. ಇಲ್ಲಿ ತೀರ್ಮಾನ ಮೇಲಿನವರದು, ಇವನದು ಬರೆಯುವ ಕೆಲಸ. ಕಳಿಸಿದವರು ಈಗ ಊರಾಚೆ ದೂರದಲ್ಲಿಲ್ಲ, ಪಕ್ಕದ ಕೋಣೆಯಲ್ಲೇ ಕೂತು ಗಂಟೆ ಬಾರಿಸುತ್ತಿದ್ದಾರೆ. ದೂರ ಇಲ್ಲವಾದ ಮೇಲೆ ಸ್ವಂತ ಬುದ್ಧಿಗೆ ಜಾಗವೂ ಇಲ್ಲವಾಯಿತು ಅಂತ ನನ್ನ ಲೆಕ್ಕಾಚಾರ.

ಎಲ್ಲರೂ "ಮೆಕಾಲೆ ಗುಮಾಸ್ತರನ್ನು ತಯಾರು ಮಾಡುವ ಶಿಕ್ಷಣ ತಂದ" ಅಂತ ಭಾಷಣ ಮಾಡುತ್ತಾರೆ. ಭಾರತದ ಶಿಕ್ಷಣದ ಬಗ್ಗೆ ಅವನು 1835ರ ಫೆಬ್ರವರಿಯಲ್ಲಿ ಬರೆದ ಟಿಪ್ಪಣಿಯ ಪ್ರಸಿದ್ಧ ಸಾಲಿನಲ್ಲಿ ಕೇಳಿದ್ದು ದುಭಾಷಿಗಳ ಒಂದು ವರ್ಗವನ್ನು. ಗುಮಾಸ್ತ ಅನ್ನುವುದು ನಾವು ಸೇರಿಸಿದ್ದು. ಸಿಟ್ಟಿಗೆ ಒಂದು ಪದ ಬೇಕಿತ್ತು, ಅದು ಕೈಗೆ ಸಿಕ್ಕಿತು.

ಆದರೂ ಹಳೆಯ ಗುಮಾಸ್ತ ಪೂರ್ತಿ ಸತ್ತಿಲ್ಲ. ಅವನನ್ನು ನೋಡಬೇಕಿದ್ದರೆ ಯಾವುದಾದರೂ ತಾಲ್ಲೂಕು ಕೋರ್ಟಿಗೆ ಹೋಗಿ ವಕೀಲರ ಗುಮಾಸ್ತರನ್ನು ನೋಡಬೇಕು. ನನ್ನ ಸೋದರಮಾವ ಆ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಮನೆ ಬಿಡುವಾಗ ಅವರ ಬಗಲಲ್ಲಿ ಕೇಸಿನ ಕಟ್ಟುಗಳು, ಒಂದೊಂದಕ್ಕೂ ದಾರ, ದಾರದ ಗಂಟು ಎಳೆದರೆ ಬಿಚ್ಚಿಕೊಳ್ಳುವ ಹಾಗೆ. ಜೇಬಿನಲ್ಲಿ ಕೋರ್ಟ್ ಫೀ ಸ್ಟಾಂಪು. ಯಾವ ಕೇಸಿಗೆ ಯಾವ ಮುದ್ದತು ಅಂತ ಡೈರಿ ತೆರೆಯದೆ ಹೇಳುತ್ತಿದ್ದರು. ನಕಲು ಅರ್ಜಿಯನ್ನು ಯಾರ ಕೈಗೆ ಕೊಟ್ಟರೆ ಬೇಗ ಆಗುತ್ತದೆ, ಯಾವ ಬೆಂಚ್ ಕ್ಲರ್ಕ್ ಊಟಕ್ಕೆ ಮೊದಲು ಮಾತಾಡಿಸಬಾರದು, ಎಲ್ಲ ಗೊತ್ತಿತ್ತು. ಹೊಸದಾಗಿ ಕರಿ ಕೋಟು ಹಾಕಿದ ಹುಡುಗರು ಅವರಿಂದಲೇ ವಕಾಲತ್ತು ತುಂಬುವುದನ್ನು ಕಲಿಯುತ್ತಿದ್ದರು.

ಆದರೆ ನ್ಯಾಯಾಧೀಶರ ಮುಂದೆ ಅವರು ಬಾಯಿ ಬಿಡುವ ಹಾಗಿರಲಿಲ್ಲ. ಕಾಗದ ಸಲ್ಲಿಸಬಹುದು, ನಕಲು ತೆಗೆದುಕೊಳ್ಳಬಹುದು, ವಾದ ಮಾಡುವಂತಿಲ್ಲ. ಕೇಸು ಕೂಗಿದಾಗ ವಕೀಲರು ಇನ್ನೂ ಪಕ್ಕದ ಕೋರ್ಟಿನಲ್ಲಿದ್ದರೆ, ಮಾವ ಬಾಗಿಲ ಹತ್ತಿರ ನಿಂತು ಯಾರಾದರೂ ಜೂನಿಯರ್ ಕಡೆ ಕಣ್ಣಲ್ಲೇ ಬೇಡುತ್ತಿದ್ದರು. ಆ ಹುಡುಗ ಎದ್ದು "ಪಾಸ್ ಓವರ್, ಸ್ವಾಮಿ" (ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ) ಅಂದರೆ ಇವರಿಗೆ ಜೀವ ಬರುತ್ತಿತ್ತು. ಇಪ್ಪತ್ತು ವರ್ಷದ ಅನುಭವ ಆರು ತಿಂಗಳ ಅನುಭವದ ಬಾಯಿಂದ ಮಾತಾಡಬೇಕು.

ಅವರು ಮನೆಗೆ ಬಂದು ಮಾತಾಡುವಾಗ ಒಂದು ತಮಾಷೆ ಗಮನಿಸುತ್ತಿದ್ದೆವು. ಗೆದ್ದ ದಿನ "ನಾವು ಸ್ಟೇ ತಂದ್ವಿ" ಅನ್ನುತ್ತಿದ್ದರು. ಸೋತ ದಿನ "ಸಾಹೇಬ್ರು ಆ ಪಾಯಿಂಟ್ ಹೇಳಲೇ ಇಲ್ಲ". ಕಕ್ಷಿದಾರರಿಗೆ ಮಾತ್ರ ಯಾವಾಗಲೂ ಒಂದೇ ಮಾತು, "ಸಾಹೇಬ್ರ ಹತ್ರ ನಾನು ಹೇಳಿದ್ದೀನಿ". ಹಳ್ಳಿಯಿಂದ ಬಸ್ಸು ಹಿಡಿದು ಬಂದವನಿಗೆ ಆ ಒಂದು ವಾಕ್ಯ ಸಾಕಾಗಿತ್ತು. ವಕೀಲರನ್ನು ಎರಡು ನಿಮಿಷ ನೋಡಿದರೆ ಹೆಚ್ಚು, ಉಳಿದ ಹೊತ್ತೆಲ್ಲ ಅವನ ಪಾಲಿಗೆ ವಕೀಲ ಅಂದರೆ ಗುಮಾಸ್ತನೇ. ಹೋಗುವಾಗ ಕಾಫಿಗೆ ಅಂತ ಕೈಗೆ ಏನಾದರೂ ಇಡುತ್ತಿದ್ದ. ತಿಂಗಳ ಸಂಬಳಕ್ಕಿಂತ ಆ ಕಾಫಿಯ ಲೆಕ್ಕವೇ ಜಾಸ್ತಿ ಆಗುತ್ತಿದ್ದ ತಿಂಗಳುಗಳೂ ಇದ್ದವು. ಅದನ್ನು ಲಂಚ ಅನ್ನಬೇಕೋ ಮರ್ಯಾದೆ ಅನ್ನಬೇಕೋ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಅದರಿಂದಲೇ ನಮ್ಮ ಅತ್ತೆಯ ಮಕ್ಕಳು ಓದಿದ್ದು.

ಈಗ ಮೊಬೈಲಿನಲ್ಲಿ ಪ್ರತಿ ಕೇಸಿಗೂ ಕೊಡುವ 16 ಅಕ್ಷರಗಳ ಸಿಎನ್‌ಆರ್ ನಂಬರ್ ಒತ್ತಿದರೆ ಮುಂದಿನ ತಾರೀಕು ಬರುತ್ತದೆ. ಮಾವನ ವಿದ್ಯೆಯ ಅರ್ಧ ಭಾಗ ಅಲ್ಲಿಗೆ ಹೋಯಿತು. ಆ ಇನ್ನರ್ಧ, ಅಂದರೆ ಯಾರನ್ನು ಯಾವಾಗ ಮಾತಾಡಿಸಬೇಕು ಅನ್ನುವುದು, ಯಾವ ಆ್ಯಪಿನಲ್ಲೂ ಇಲ್ಲ.

ಮುಂಬೈಗೆ ಹೋದರೆ ಗುಮಾಸ್ತಾ ಮನುಷ್ಯನೇ ಅಲ್ಲ. ಗೋಡೆಗೆ ನೇತುಹಾಕುವ ಕಾಗದ. ಅಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಕರಾವಳಿಯವರನ್ನು ಕೇಳಿ ನೋಡಿ, "ಗುಮಾಸ್ತಾ ಮಾಡಿಸಿದ್ದೀರಾ?" ಅಂದರೆ ಅಂಗಡಿಯ ಲೈಸೆನ್ಸ್ ಆಗಿದೆಯಾ ಅಂತ ಅರ್ಥ. ಅಂಗಡಿಗಳಲ್ಲಿ ದುಡಿಯುವ ಗುಮಾಸ್ತರಿಗೆ ಕೆಲಸದ ಹೊತ್ತು, ರಜೆ ಗೊತ್ತುಮಾಡಲು 1948ರಲ್ಲಿ ಬಾಂಬೆ ಪ್ರಾಂತ್ಯ ಒಂದು ಕಾನೂನು ತಂದಿತು. ಗುಜರಾತಿಯಲ್ಲಿ ಈ ಕಾನೂನಿಗೆ "ಗುಮಾಸ್ತಾ ಧಾರಾ" ಅನ್ನುತ್ತಾರೆ. ಕಾನೂನಿನ ಪ್ರಕಾರ ಅಂಗಡಿಯವನು ನೋಂದಣಿ ಮಾಡಿಸಬೇಕು. ಆ ನೋಂದಣಿಯ ಕಾಗದಕ್ಕೇ ಗುಮಾಸ್ತಾ ಅಂತ ಹೆಸರು ಬಿತ್ತು. ಯಾರನ್ನು ಕಾಪಾಡಲು ಕಾನೂನು ಬಂತೋ ಅವನ ಹೆಸರು ಮಾಲೀಕನ ಲೈಸೆನ್ಸಿಗೆ ಹೋಯಿತು. ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆರೆಯಲು ಗುಮಾಸ್ತಾ ತನ್ನಿ ಅಂದಾಗ ಯಾರಿಗೂ ಒಬ್ಬ ಮನುಷ್ಯ ನೆನಪಾಗುವುದಿಲ್ಲ. 2017ರ ಹೊಸ ಮಹಾರಾಷ್ಟ್ರ ಕಾನೂನು ಬಂದು, ಕಡಿಮೆ ಜನ ಇರುವ ಅಂಗಡಿಗೆ ಸುಮ್ನೆ ಮಾಹಿತಿ ಕೊಟ್ಟರೆ ಸಾಕು ಅಂತಾದರೂ ಜನ ಅದನ್ನೂ ಗುಮಾಸ್ತಾ ಅಂತಲೇ ಕರೆಯುತ್ತಾರೆ.

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಮಾತ್ರ ಗುಮಾಸ್ತ ಮೆಲ್ಲಗೆ ಮಾಯವಾದ. ಹಿಂದೆ ಪ್ರಥಮ ದರ್ಜೆ ಗುಮಾಸ್ತ, ದ್ವಿತೀಯ ದರ್ಜೆ ಗುಮಾಸ್ತ ಇದ್ದರು. ಈಗ ಅವರು ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ. ಎಫ್‌ಡಿಎ, ಎಸ್‌ಡಿಎ ಅಂದರೆ ಊರಿಗೆಲ್ಲ ಗೊತ್ತು. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಹಗಲು ರಾತ್ರಿ ಓದುವ ಹುಡುಗ ಹುಡುಗಿಯರಿಗೆ ಅದೇ ಜಪ. ಗುಮಾಸ್ತ ಆಗಬೇಕು ಅಂತ ಯಾರೂ ಕನಸು ಕಾಣಲಿಕ್ಕಿಲ್ಲ, ಎಫ್‌ಡಿಎ ಆಗಬೇಕು ಅಂತ ಸಾವಿರಾರು ಜನ ಕಾಣುತ್ತಾರೆ. ಕೆಲಸ ಅದೇ, ಕಡತ ಅದೇ.

ಸಹಾಯ ಅನ್ನುವುದು ಸಂಸ್ಕೃತದ್ದು. ಅದನ್ನು ಜೊತೆಗೆ ಹೋಗುವವನು, ಸಂಗಾತಿ ಅಂತ ಬಿಡಿಸುತ್ತಾರೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ನೇಮಕ ಮಾಡಿದವರ ನೆರಳು ಇಲ್ಲ, ಜೊತೆಗೆ ನಡೆಯುವವರು ಮಾತ್ರ. ಆದರೆ ಯಾರ ಜೊತೆ? ಕೌಂಟರಿನ ಈಚೆ ನಿಂತು ಪಹಣಿ ತಿದ್ದುಪಡಿಗೆ ಅರ್ಜಿ ಹಿಡಿದವರ ಜೊತೆಯೋ, ಒಳಗಿನ ಕೋಣೆಯವರ ಜೊತೆಯೋ? ಗುಮಾಸ್ತ ಅನ್ನುವ ಪದ ಈ ವಿಷಯದಲ್ಲಿ ಪ್ರಾಮಾಣಿಕವಾಗಿತ್ತು. ತಾನು ಯಾರ ಕಡೆಯವನು ಅಂತ ಹೆಸರಿನಲ್ಲೇ ಒಪ್ಪಿಕೊಳ್ಳುತ್ತಿತ್ತು. ಹೊಸ ಹೆಸರು ನಮ್ಮ ಕಡೆ ನೋಡಿ ನಕ್ಕು, ಕಡತ ಎತ್ತಿಕೊಂಡು ಒಳಗೆ ಹೋಗುತ್ತದೆ.

ಇನ್ನೊಂದು ತೊಡಕೂ ಇದೆ. ಕೆಳಗೆ ಎಸ್‌ಡಿಎ ಇರುವಂತೆ ಮೇಲೆ ಅಸಿಸ್ಟೆಂಟ್ ಕಮಿಷನರ್ ಇದ್ದಾರೆ. ಕನ್ನಡದಲ್ಲಿ ಸಹಾಯಕ ಆಯುಕ್ತರು. ಒಬ್ಬ ಸಹಾಯಕ ಟಿಪ್ಪಣಿ ಬರೆದು ಮೇಲೆ ಕಳಿಸುತ್ತಾನೆ. ಇನ್ನೊಬ್ಬ ಸಹಾಯಕರು ಒಂದು ರುಜುವಿನಿಂದ ನಿಮ್ಮ ಜಮೀನಿನ ತಕರಾರು ಇತ್ಯರ್ಥ ಮಾಡುತ್ತಾರೆ. ಇಬ್ಬರಿಗೂ ಒಂದೇ ಪದ ಸರಿಬರಲಿಲ್ಲವೇನೋ, ಎಷ್ಟೋ ಊರುಗಳಲ್ಲಿ ದೊಡ್ಡ ಸಹಾಯಕರ ಬಾಗಿಲ ಮೇಲೆ "ಉಪವಿಭಾಗಾಧಿಕಾರಿ" ಅಂತ ಬೋರ್ಡ್ ಇರುತ್ತದೆ. ಹೊರಗೆ ಬೆಂಚಿನ ಮೇಲೆ ಕಾಯುವವರಂತೂ ಎರಡನ್ನೂ ಓದುವ ಗೋಜಿಗೆ ಹೋಗುವುದಿಲ್ಲ. "ಎಸಿ ಸಾಹೇಬ್ರು ಬಂದ್ರಾ?" ಅಂತ ಜವಾನನನ್ನು ಕೇಳುತ್ತಾರೆ.